ಬುಕ್ಕಸಾಗರದ ದಂಡೆ, ಸುಮಧ್ವನ ಮಿಷನ್

ಯುದ್ಧದ ಗೇಮಿಗೆ ಸ್ವಂತ ಮಿಷನ್ ಕಟ್ಟುವುದರಲ್ಲಿ ನನ್ನ ಗೆಳೆಯ ಸುಮಧ್ವನನ್ನು ಮೀರಿಸಿದವರನ್ನು ನಾನು ನೋಡಿಲ್ಲ. ಬುಕ್ಕಸಾಗರದ ಹೊಳೆ, ಬಂಡೆ, ಭತ್ತದ ಗದ್ದೆ ಎಲ್ಲವನ್ನೂ ಅಳತೆ ತಪ್ಪದೆ ನಕ್ಷೆಗೆ ಇಳಿಸಿದ್ದ. ಎದುರಾಳಿಯಾಗಿ ಕೂತರೆ ದಯೆಯಿಲ್ಲ. ಆದರೆ ನನಗೆ ಊಟದ ಕರೆ ಬಂದರೆ ಮೌಸಿನಿಂದ ಕೈ ತೆಗೆದುಬಿಡುತ್ತಿದ್ದ. "ಎಲಿ ಮುಂದ ಕುಂತವನ ಮ್ಯಾಲೆ ಕೈ ಎತ್ತಬಾರದಲೇ ಮನೋಹರ್," ಅನ್ನುತ್ತಿದ್ದ.

ಅವನು ತೀರಿಹೋದ ಮರುವರ್ಷ, ಮೇ ತಿಂಗಳ ಒಂದು ಮಧ್ಯಾಹ್ನ, ಹೊಸಪೇಟೆಯ ಅವನ ಮನೆಯಲ್ಲಿ, ಅವನ ಕಂಪ್ಯೂಟರಿನಲ್ಲೇ ಆ ಮಿಷನ್ ಆಡಿದೆ. ನನ್ನ ಪಡೆ ಹೊಳೆ ದಾಟಿತು. ಬಂಡೆಗಳ ಹಿಂದಿನಿಂದ ಬಂದ ಶತ್ರು ಟ್ಯಾಂಕುಗಳು ಎರಡೂ ಕಡೆಯಿಂದ ಸುತ್ತಿಕೊಂಡವು. ಎಂಥ ಆಟ! ಸೋಲುತ್ತಿದ್ದರೂ ಮನಸ್ಸು ಶಹಬ್ಬಾಸ್ ಅನ್ನುತ್ತಿತ್ತು.

"ಮನೋಹರ್, ಎಲಿ ಹಾಕೀನಿ, ಬಾರಪ್ಪ. ಅನ್ನ ಆರ್ತದ ನೋಡು," ಅಂತ ಅವನ ತಾಯಿ ಇಂದಿರಾಬಾಯಿ ಒಳಗಿನಿಂದ ಕರೆದರು. ಗೇಮ್ ನಿಲ್ಲಿಸುವುದನ್ನು ಮರೆತು ಎದ್ದೆ.

ಅರ್ಧ ಗಂಟೆಯ ಮೇಲೆ ಬಂದು ನೋಡಿದರೆ ಗೇಮಿನ ಗಡಿಯಾರ ಓಡುತ್ತಲೇ ಇತ್ತು. ನಾನು ಎದ್ದುಹೋದ ಮೇಲೆ ನನ್ನ ಒಬ್ಬ ಸೈನಿಕನೂ ಸತ್ತಿರಲಿಲ್ಲ. ಟ್ಯಾಂಕುಗಳೆಲ್ಲ ತೋಪಿನ ಬಾಯಿಯನ್ನು ಬೇರೆ ಕಡೆ ತಿರುಗಿಸಿ ನಿಂತಿದ್ದವು. ಬಿಸಿಲಿಗೆ ಗೋಡೆಯೇ ಕಾದಿತ್ತು. ಮೌಸ್ ಮಾತ್ರ ಹೊಳೆಯೊಳಗಿನ ಕಲ್ಲಿನಂತೆ ತಣ್ಣಗಿತ್ತು. ನಾನು ಕುರ್ಚಿಯಲ್ಲಿ ಕೂತೆ. ಮತ್ತೆ ಗುಂಡು ಬಿತ್ತು.

ಸೋತ ಮೇಲೆ, ಇಷ್ಟು ಬುದ್ಧಿಯ ಶತ್ರುವನ್ನು ಹೇಗೆ ಕಟ್ಟಿದ ಎಂದು ಕಲಿಯಲು ಮಿಷನ್ ಬಿಚ್ಚಿ ನೋಡಿದೆ. ಈ ಗೇಮಿನಲ್ಲಿ ನಾವು ಆದೇಶ ಬರೆದಿಡದ ಹೊರತು ಶತ್ರು ನಿಂತಲ್ಲಿಂದ ಕದಲುವುದಿಲ್ಲ. ಸುಮಧ್ವ ಟ್ಯಾಂಕುಗಳನ್ನು ಬಂಡೆಗಳ ಹಿಂದೆ ನಿಲ್ಲಿಸಿದ್ದ, ಅಷ್ಟೇ. ಆದೇಶದ ಪುಟ ಖಾಲಿ ಇತ್ತು.