ತಣ್ಣಗೆ ಓಡುವ ಮೋಟಾರು

ಹೆಂಡತಿಯನ್ನು ಕೊಂದದ್ದು ತನ್ನದೇ ಮಾತು ಎಂಬ ಸಂಕಟ ಡ್ರೈವರ್ ಹುಚ್ಚೀರಪ್ಪನನ್ನು ಒಳಗೊಳಗೇ ತಿನ್ನುತ್ತಿತ್ತು. ಯಲಬುರ್ಗಾದ ಶೇಂಗಾ ಸಾವುಕಾರ ಆದೆಪ್ಪನ ಮೋಟಾರು ಎಷ್ಟು ಓಡಿದರೂ ಕಾದು ಬಿಸಿಯಾಗುತ್ತಿರಲಿಲ್ಲ. ಕೆಮ್ಮುತ್ತಿತ್ತು, ಪೆಟ್ರೋಲು ಹೀರುತ್ತಿತ್ತು. ತಣ್ಣಗೆ ಓಡಿದರೆ ಇಂಜಿನ್ ಸವೆಯುತ್ತದೆಂದು ನಿಯತ್ತಿನಿಂದ ಹೇಳಿದವನು ಇವನೇ. ಹೆಂಡತಿ ಪಕ್ಕೀರವ್ವನ ಹೆರಿಗೆ ಕಷ್ಟವಾಗಿ, ಕೊಪ್ಪಳದ ದವಾಖಾನೆಗೆ ಒಯ್ಯಲು ಮೋಟಾರು ಕೇಳಿದಾಗ ಆದೆಪ್ಪ ಆ ಮಾತನ್ನೇ ತಿರುಗಿಸಿ ಒಗೆದ.

"ಸವೀತೈತಿ ಅಂತ ನೀನ ಹೇಳಿದ್ದೆಲ್ಲೋ. ಚಕ್ಕಡಿ ಕಟ್ಕೊಂಡು ಹೋಗು."

ಚಕ್ಕಡಿ ಅರ್ಧ ದಾರಿ ಮುಟ್ಟುವುದರೊಳಗೆ ತಾಯಿ, ಕೂಸು ಇಬ್ಬರೂ ಹೋದರು. ಹತ್ತಿಪ್ಪತ್ತು ಹೆಜ್ಜೆ ದೂರದ ಮನೆಯಲ್ಲಿದ್ದ ಆದೆಪ್ಪ ಮಣ್ಣಿಗೂ ಬರಲಿಲ್ಲ.

ಹುಚ್ಚೀರಪ್ಪ ನೌಕರಿ ಬಿಡಲಿಲ್ಲ. ಬಿಟ್ಟರೆ ಮನಸ್ಸಿನಲ್ಲಿದ್ದ ಸೇಡಿನ ಕೆಲಸ ಕೆಡುತ್ತಿತ್ತು. ಆದೆಪ್ಪ ಸತ್ತರೆ ಪೊಲೀಸ್ ಅಮೀನ ಮೊದಲು ಹಿಡಿಯುವುದು ತನ್ನ ಕುತ್ತಿಗೆಯನ್ನೇ ಎಂಬುದು ಅವನಿಗೆ ಗೊತ್ತಿತ್ತು. ಊರಿಗೆ ಊರೇ ಪಕ್ಕೀರವ್ವನ ಕತೆ ಬಲ್ಲದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಆ ಉಪಾಯವನ್ನು ಮೋಟಾರೇ ಕೊಟ್ಟಿತು.

ಒಂದು ದಿನ ಕುಷ್ಟಗಿಯಿಂದ ಬಂದವನೇ ಇಂಜಿನ್ನಿನ ಮೇಲಿನ ರಬ್ಬರ್ ಕೊಳವೆ ಹಿಡಿದು ನೋಡಿದ. ಕೂಸಿಗೆ ಎರೆಯುವ ನೀರಿನಷ್ಟು ಬೆಚ್ಚಗಿತ್ತು, ಅಷ್ಟೇ. ಮುಂದಿನ ಜಾಲರಿಗೆ ಗೋಣಿತಟ್ಟು ಕಟ್ಟಿ ಓಡಿಸಿದ, ಕೆಮ್ಮು ಕಡಿಮೆಯಾಯಿತು. ಹಾಗಾದರೆ ಗಾಳಿ, ನೀರು ಮಿತಿಮೀರಿ ತಂಪು ಮಾಡುತ್ತಿವೆ. ಇಂಜಿನ್ ಕಾಯುವವರೆಗೆ ನೀರನ್ನು ತಡೆದು ನಿಲ್ಲಿಸುವ ಹಿತ್ತಾಳೆಯ ವಾಲ್ವನ್ನು ಬಿಚ್ಚಿದ. ಅದರ ಬಾಯಿ ತೆರೆದೇ ಜಾಮಾಗಿತ್ತು. ತಣ್ಣೀರಲ್ಲಿ ಅದ್ದಿದರೂ ಮುಚ್ಚಿಕೊಳ್ಳಲಿಲ್ಲ. ರೋಗ ಸಿಕ್ಕಿತು. ಸುಮ್ಮನೆ ಕುತೂಹಲಕ್ಕೆಂದು ಆ ವಾಲ್ವ್ ಇಲ್ಲದೆಯೇ ಚಾಲೂ ಮಾಡಿದ. ಮೋಟಾರು ಮೊದಲಿನಂತೆಯೇ ಹೊರಟಿತು. ಇದನ್ನು ಮಾತ್ರ ಅವನು ಯಾರಿಗೂ ಹೇಳಲಿಲ್ಲ.

ವಾಲ್ವನ್ನು ಅರಿವೆಯಲ್ಲಿ ಸುತ್ತಿ ಸಾವುಕಾರನ ಮನೆಗೆ ಒಯ್ದ.

"ಇದು ಮೋಟಾರಿನ ಗುಂಡಿಗಿ ಇದ್ದಂಗ್ರಿ. ಇದು ಇಲ್ಲದ ಗಾಡಿ ಒಂದು ಗೇಣೂ ಹಂದೂದಿಲ್ಲ. ಹೊಸಾದು ಮುಂಬೈಯಿಂದ ಬರಬೇಕು, ತಿಂಗಳಾಗ್ತೈತಿ."

"ಆಗ್ಲಿ ಬಿಡು," ಎಂದ ಆದೆಪ್ಪ. ಅವನ ಹೆಂಡತಿ ವಿರೂಪಾಕ್ಷಮ್ಮ ಅದನ್ನು ದೇವರ ಕೋಣೆಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಹುಚ್ಚೀರಪ್ಪನಿಗೆ ನಗು ತಡೆಯುವುದೇ ಕಷ್ಟವಾಯಿತು. ಮೋಟಾರು ಓಡುವಂತಿರಲಿಲ್ಲವೆಂದು ಅಮೀನನ ಮುಂದೆ ತನ್ನ ಪರವಾಗಿ ಸಾಕ್ಷಿ ಹೇಳುವವಳು ಸತ್ತವನ ಹೆಂಡತಿ! ಬಾನೆಟ್ ಮುಟ್ಟಿ ನೋಡಿದರೂ ನೋಡಲಿ. ತಣ್ಣಗೆ ಓಡುವ ಮೋಟಾರು ಬೇಗ ತಣ್ಣಗೂ ಆಗುತ್ತದೆ.

ಮೋಟಾರು ನಿಂತ ಮೇಲೆ ಆದೆಪ್ಪ ತೋಟಕ್ಕೆ ನಡೆದೇ ಹೋಗುತ್ತಿದ್ದ. ಮಧ್ಯಾಹ್ನ ಕುಷ್ಟಗಿ ರಸ್ತೆಯಲ್ಲಿ ಕೊಡೆ ಹಿಡಿದು ಒಬ್ಬನೇ ಮರಳುತ್ತಿದ್ದ. ಆ ಬಿಸಿಲಿಗೆ ಕಾಗೆಯೂ ಹೊರಗೆ ಬರುತ್ತಿರಲಿಲ್ಲ. ಮೋಟಾರಿನ ಶೆಡ್ಡು ಊರಾಚೆ, ಬೀಗ ಬಿದ್ದ ಹತ್ತಿ ಮಿಲ್ಲಿನ ಹಿಂದೆ. ಅಲ್ಲಿಂದ ಎರೆಹೊಲದ ಬಂಡಿದಾರಿ ಹಿಡಿದರೆ ನೇರ ಆ ರಸ್ತೆಗೇ.

ಎಲ್ಲ ಅಂದುಕೊಂಡಂತೆಯೇ ನಡೆಯಿತು. ಸದ್ದು ಕೇಳಿ ಆದೆಪ್ಪ ತಿರುಗಿ ನೋಡಿದ. ತನ್ನದೇ ಮೋಟಾರು ಬರುವುದನ್ನು ಕಂಡು ಖುಷಿಯಾಗಿ, ಹತ್ತಿಕೊಳ್ಳಲೆಂದು ಕೈ ಎತ್ತಿದ. ಹುಚ್ಚೀರಪ್ಪ ನಿಲ್ಲಿಸಲಿಲ್ಲ. ಆಮೇಲೆ ಇಳಿದು, ಉಸಿರು ನಿಂತದ್ದನ್ನು ನೋಡಿ, ಬಂಪರನ್ನು ಒರೆಸಿಕೊಂಡು ಬಂಡಿದಾರಿಯಲ್ಲೇ ಹಿಂದಿರುಗಿದ. ಎದೆ ಹಗುರಾಗಲಿಲ್ಲ. ಪಕ್ಕೀರವ್ವನೇನೂ ಎದ್ದು ಬರುವವಳಲ್ಲ. ಆದರೂ ಹೊಟ್ಟೆಯ ಉರಿ ಒಂದಿಷ್ಟು ಆರಿತು.

ಶೆಡ್ಡಿನ ನೆರಳಲ್ಲಿ ಗಂಗಾವತಿಯ ಮಿಸ್ತ್ರಿ ಮರ್ದಾನಸಾಬ ಕೂತಿದ್ದ. ಅವನ ಮಡಿಲಲ್ಲಿ ಅರಿವೆಯ ಮೇಲೆ, ದೇವರ ಕೋಣೆಯ ಪೆಟ್ಟಿಗೆಯಲ್ಲಿದ್ದ ಅದೇ ವಾಲ್ವ್ ಉಜ್ಜಿಸಿಕೊಂಡು ಹೊಳೆಯುತ್ತಿತ್ತು. ಆದೆಪ್ಪ ಯಾರ ಬೇನೆಗೂ ಯಾರನ್ನೂ ಕರೆಸುವ ಕುಳವಲ್ಲ ಎಂದು ನಂಬಿದ್ದ ಹುಚ್ಚೀರಪ್ಪನಿಗೆ, ಮೋಟಾರಿನ ಬೇನೆಗೆ ಕರೆಸಿಯಾನೆಂಬುದು ಹೊಳೆದೇ ಇರಲಿಲ್ಲ. "ಸಾವುಕಾರ್ರು ನಿನ್ನೆ ಸರ್ವಿಸ್ ಬಸ್ಸಿನಾವನ ಕೈಲಿ ಹೇಳಿ ಕಳಿಸಿದ್ರಪ್ಪ, ಗಾಡಿಗೆ ಜಡ್ಡಾಗೈತಿ, ಇದ್ದ ಹಂಗ ಎದ್ದು ಬಾ ಅಂತ," ಎಂದ ಮರ್ದಾನಸಾಬ ಏಳುತ್ತ. "ಬಂದು ನೋಡಿದ್ರ ಗಾಡೀನ ಇಲ್ಲ. ಮನಿಗೆ ಹೋಗಿ ಅಮ್ಮಾರನ್ನ ಕೇಳಿದೆ. ‘ವಾಲ್ವ್ ನನ್ನ ಪೆಟಿಗ್ಯಾಗ ಐತಿ, ಗಾಡಿ ಹೆಂಗ ಹೋತು?’ ಅಂತ ಅವರು ಗಾಬರಿ ಆದ್ರು. ನಾನ ಸಮಾಧಾನ ಮಾಡಿ ಬಂದೆ: ಅದು ಇಲ್ಲದಿದ್ರೂ ಓಡ್ತೈತ್ರಿ, ತಣ್ಣಗ ಓಡ್ತೈತಿ ಅಷ್ಟ."