ಟೇಪಿನ ಮುಂದೆ ನಿಂತ ಈಶಪ್ಪ

“ಅಣ್ಣಾ, ನಿಲ್ಲೋ! ಕರಿ ಮುಟ್ಟಬ್ಯಾಡೋ!”

ಪಂಪಮ್ಮ ಗಂಟಲು ಹರಿಯುವಂತೆ ಕೂಗಿದಳು. ಎಲ್ಲರಿಗಿಂತ ಮುಂದೆ ಓಡುತ್ತಿದ್ದ ಅವಳ ಅಣ್ಣ ಈಶಪ್ಪ ಗಕ್ಕನೆ ನಿಂತುಬಿಟ್ಟ. ಅವನ ಎದುರಿಗೆ ಎರಡು ಕಂಬಗಳ ನಡುವೆ ಬಿಳಿ ಟೇಪು ಕಟ್ಟಿತ್ತು. ಹಿಂದಿದ್ದ ಗಂಗಾವತಿಯ ಹುಡುಗ ಪಕ್ಕದಲ್ಲೇ ಹಾದು, ಎದೆಯಿಂದ ಟೇಪು ಹರಿದುಕೊಂಡು ಹೋದ.

ಕೊಪ್ಪಳದ ಗ್ರೌಂಡಿನ ತುಂಬ ನಗೆಯೋ ನಗೆ. ಪಂಪಮ್ಮನಿಗೆ ಮಾತ್ರ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ.

ನಾಲ್ಕನೆಯ ಇಯತ್ತೆಯ ಹುಡುಗಿಯನ್ನು ದೂರುವುದಾದರೂ ಹೇಗೆ? ಕಾರಹುಣ್ಣಿಮೆಯ ದಿನ ಅವಳ ಊರು ಇಟಗಿಯ ಅಗಸೆಬಾಗಿಲಿಗೆ ಬೇವಿನ ಎಲೆ, ಕೊಬ್ಬರಿ ಪೋಣಿಸಿದ ಹಗ್ಗ ಬಿಗಿಯುತ್ತಾರೆ. ಅದೇ ಕರಿ. ಓಡಿ ಬಂದ ಎತ್ತೇ ಅದನ್ನು ಹರಿಯಬೇಕು. ಎತ್ತಿನ ಜೊತೆ ಓಡುವವನು ಅಗಸೆಯ ಹತ್ತಿರ ಬಂದಕೂಡಲೇ ನಿಲ್ಲಬೇಕು. ಮನುಷ್ಯ ಕರಿ ಮುಟ್ಟಿದರೆ ಆ ವರ್ಷದ ಬೆಳೆಗೆ ಕೇಡು ಎಂದು ಊರಿನ ನಂಬಿಕೆ.

ಈಶಪ್ಪ ಓಡಲು ಕಲಿತದ್ದೇ ಎತ್ತುಗಳ ಜೊತೆ. ಅವನು ಓದಿದ ಯಲಬುರ್ಗಾ ಕಡೆಯ ಶಾಲೆಗೆ ಗ್ರೌಂಡೇ ಇರಲಿಲ್ಲ. ಓಟ ಮುಗಿಯುವಲ್ಲಿ ಟೇಪು ಕಟ್ಟುತ್ತಾರೆಂದು ಅಣ್ಣನಿಗೂ ತಂಗಿಗೂ ಯಾರೂ ಹೇಳಿರಲಿಲ್ಲ.

ಇದು ಮಕ್ಕಳಾಟದ ರೇಸಾಗಿದ್ದರೆ ಹೋಗಲಿ ಎನ್ನಬಹುದಿತ್ತು. ನಿಜಾಮರ ಕಾಲವದು. ಮೆಟ್ರಿಕ್ ಪಾಸಾದ ಓಟಗಾರರನ್ನು ಆರಿಸಲು ಹೈದರಾಬಾದಿನ ಕಾಲೇಜೊಂದರಿಂದ ಸಾಹೇಬರೊಬ್ಬರು ಬಂದಿದ್ದರು. ಮೊದಲು ಬಂದವನು ನೇರ ಕಾಲೇಜಿಗೆ. ಊಟ, ಹಾಸ್ಟೆಲು, ಪುಸ್ತಕ ಎಲ್ಲ ಕಾಲೇಜಿನದೇ ಖರ್ಚು. ಎರಡನೆಯವನು ಗುಲಬರ್ಗಾದ ತಯಾರಿ ಶಾಲೆಯಲ್ಲಿ ಒಂದು ವರ್ಷ ಇದ್ದು, ಆಮೇಲೆ ಕಾಲೇಜು ಸೇರಬೇಕು.

ಮೆಟ್ರಿಕ್ ಪಾಸಾದ ಅಣ್ಣ ಮತ್ತೆ ಶಾಲೆಗೆ ಹೋಗುವುದೇ? ಅದೂ ತನ್ನ ಬಾಯಿಂದ! ಪಂಪಮ್ಮ ಅಳುತ್ತಾ ಫಕ್ರುದ್ದೀನ ಮಾಸ್ತರರ ಬಳಿ ಓಡಿದಳು. ಅವರು ಈಶಪ್ಪನ ಶಾಲೆಯ ಡ್ರಿಲ್ ಮಾಸ್ತರು.

“ಮಾಸ್ತರ್ರೀ, ತಪ್ಪು ನಂದ್ರಿ! ನಾ ಕೂಗಿದ್ದಕ್ಕ ಅಣ್ಣ ನಿಂತಾನ. ಸಾಹೇಬ್ರಿಗೆ ಹೇಳ್ರಿ, ಇನ್ನೊಮ್ಮಿ ಓಡಸ್ಲಿ!”

ಮಾಸ್ತರರ ಮುಖವೂ ಬಾಡಿತ್ತು. “ಟೇಪಿನ ಮಾತು ನಾನರ ಹೇಳಬೇಕಿತ್ತವಾ. ನನ್ನ ತಲೀಗೇ ಹೊಳಿಲಿಲ್ಲ,” ಎಂದು ಅವರು ಸಾಹೇಬರ ಕಡೆ ನಡೆದರು.

ಇಬ್ಬರೂ ಉರ್ದುವಿನಲ್ಲಿ ಬಹಳ ಹೊತ್ತು ಮಾತಾಡಿದರು. ಪಂಪಮ್ಮ ಕೈಮುಗಿದುಕೊಂಡೇ ನಿಂತಿದ್ದಳು.

“ಯಾರು ಮುಂದಿದ್ರು ಅನ್ನೂದನ್ನ ಸಾಹೇಬ್ರೂ ನೋಡ್ಯಾರ,” ಎಂದು ಮಾಸ್ತರರು ಹಿಂದಿರುಗಿ ಹೇಳಿದರು. “ಇಬ್ರನ್ನೂ ಕಾಲೇಜಿಗೆ ತಗೋತಾರಂತ.”

ಪಂಪಮ್ಮ ಕುಣಿದೇಬಿಟ್ಟಳು. ಈಶಪ್ಪ ಮಾತ್ರ ತಲೆ ಎತ್ತಲಿಲ್ಲ.

“ಬ್ಯಾಡ್ರಿ ಮಾಸ್ತರ,” ಎಂದ. “ನಾ ತಯಾರಿ ಸಾಲಿಗೇ ಹೋಗ್ತೀನ್ರಿ.”

ಊರಿಗೆ ಮರಳುವ ಗಾಡಿಯಲ್ಲಿ ಪಂಪಮ್ಮ ಅಣ್ಣನಿಗೆ ಬೆನ್ನು ಹಾಕಿ ಕುಳಿತಳು. ಮಾಸ್ತರರೂ ಜೊತೆಗಿದ್ದರು. ಗಾಡಿ ಹೊಡೆಯುತ್ತಿದ್ದವನು ಇಟಗಿಯ ಹನಮಪ್ಪ. ದಾರಿಯಲ್ಲಿ ಹಳ್ಳ ಬಂದಾಗ ಅವನು ಕೆಳಗಿಳಿದು, ಎಡಗಾಲು ಎಳೆಯುತ್ತಾ ಎತ್ತುಗಳಿಗೆ ನೀರು ತರಲು ಹೋದ.

ಪಂಪಮ್ಮನಿಗೆ ತಡೆಯಲಾಗಲಿಲ್ಲ. “ಕರದು ಕೊಟ್ರ ಬ್ಯಾಡ ಅಂತಿಯಲ್ಲೋ! ನನ್ನ ಮ್ಯಾಲಿನ ಸಿಟ್ಟಿಗೆ ಹಂಗಂದಿ ಹೌದಿಲ್ಲೋ?”

“ಹುಚ್ಚಿ,” ಎಂದ ಈಶಪ್ಪ. “ನೀ ಕೂಗದಿದ್ರೂ ನಾ ನಿಲ್ತಿದ್ದೆ. ಅಡ್ಡ ಕಟ್ಟಿದ್ದು ಕಂಡಕೂಡ್ಲೇ ಕಾಲು ತಾವ ತಡದ್ವು. ಆ ಹೈದರಾಬಾದಿನಾಗ ನನಗ ಗೊತ್ತಿಲ್ಲದ್ದು ಇನ್ನ ಎಷ್ಟ ಐತೋ ಏನೋ. ಪಾಠ ಎಲ್ಲಾ ಉರ್ದುದಾಗ. ನನ್ನ ಉರ್ದು ನಿನಗ ಗೊತ್ತೈತಲ್ಲ. ಜೋಡಿ ಓಡಾವ್ರು ಮೀಸಿ ಬಂದ ಗಂಡಸರು. ನನಗ ಅಂಜಿಕಿ ಆಗತೈತಿ ಪಂಪಿ.”

ಅಣ್ಣನಿಗೂ ಅಂಜಿಕೆಯಾಗುತ್ತದೆ ಎಂದು ಪಂಪಮ್ಮನಿಗೆ ಗೊತ್ತಾದದ್ದೇ ಈಗ. ಅವಳ ಸಿಟ್ಟು ಸರ್ರನೆ ಇಳಿಯಿತು.

“ತಯಾರಿ ಸಾಲಿ ಅಂದ್ರ ನಾಪಾಸ ಆದವ್ರ ಸಾಲಿ ಅಲ್ಲವಾ,” ಎಂದರು ಮಾಸ್ತರರು. “ಅಲ್ಲಿ ಉರ್ದು ತಿದ್ದತಾರ. ಓಟದ ಕಾಯ್ದೆ ಹೇಳಿಕೊಡ್ತಾರ. ಎಲುಬು ಬಲಿಯೂತನಕ ದೊಡ್ಡವ್ರ ಜೋಡಿ ಓಡಸೂದಿಲ್ಲ.” ಅವರು ಹಳ್ಳದ ಕಡೆ ನೋಡಿ ದನಿ ತಗ್ಗಿಸಿದರು. “ಹನಮಪ್ಪನೂ ನನ್ನ ಕೈಯಾಗ ಕಲತ ಹುಡುಗನ. ನಿಮ್ಮಣ್ಣನಕಿಂತ ಜೋರು ಓಡ್ತಿದ್ದ. ಮೆಟ್ರಿಕ್ ಆದಕೂಡ್ಲೇ ಕಾಲೇಜಿಗೆ ಹೋದ. ದೊಡ್ಡವ್ರ ಸರಿಸಮ ಓಡಾಕ ಹೋಗಿ ಕಾಲು ಮುರಕೊಂಡ. ಅದು ನೆಟ್ಟಗ ಕೂಡಲೇ ಇಲ್ಲ.”

ಎತ್ತು ಒದ್ದು ಹನಮಪ್ಪ ಕುಂಟನಾದ ಎಂದೇ ಪಂಪಮ್ಮ ತಿಳಿದಿದ್ದಳು. ಅವನು ಓಡುತ್ತಿದ್ದ ಎಂದು ಊರಲ್ಲಿ ಯಾರೂ ಹೇಳುತ್ತಲೇ ಇರಲಿಲ್ಲ.

ಹನಮಪ್ಪ ನೀರು ತಂದು ಎತ್ತುಗಳ ಮುಂದಿಟ್ಟ. ಪಂಪಮ್ಮ ಮೆಲ್ಲಗೆ ಕೇಳಿದಳು. “ಕಾಕಾ, ಒಂದು ವರ್ಷ ತಡಿ ಅಂತ ನಿಮಗ ಯಾರೂ ಹೇಳಲಿಲ್ಲೇನ್ರಿ?”

ಹನಮಪ್ಪ ಎತ್ತಿನ ಕೊರಳಿನ ಗಂಗೆದೊಗಲು ಸವರಿದ.

“ಇಲ್ಲವಾ,” ಎಂದ. “ಊರಿಗೆ ಊರ ಓಡು, ಓಡು ಅಂತು. ನನಗೂ ಅದ ಬೇಕಾಗಿತ್ತು.”

ಫಕ್ರುದ್ದೀನ ಮಾಸ್ತರರು ತಲೆ ತಗ್ಗಿಸಿದರು.

ಗಾಡಿ ಮತ್ತೆ ಹೊರಟಿತು. ಪಂಪಮ್ಮ ಈಗ ಅಣ್ಣನ ಎದುರಿಗೆ ಕುಳಿತು ಅವನ ಕಾಲುಗಳನ್ನೇ ನೋಡುತ್ತಿದ್ದಳು. ಮಂಡಿಯತನಕ ಧೂಳು ಮೆತ್ತಿದ, ಸಣಕಲು ಕಾಲುಗಳು. ಇಷ್ಟು ದಿನ ಅವು ಅವಳಿಗೆ ಸಣಕಲಾಗಿ ಕಂಡೇ ಇರಲಿಲ್ಲ.

“ಮಾಸ್ತರ್ರೀ,” ಎಂದಳು. “ಗುಲಬರ್ಗಾದ ಸಾಲ್ಯಾಗ ಹಾಲು ಕೊಡ್ತಾರೇನ್ರಿ?”

“ಕೊಡ್ತಾರವಾ. ಎರಡೂ ಹೊತ್ತು.”

ಪಂಪಮ್ಮ ಇನ್ನೊಮ್ಮೆ ಅಣ್ಣನ ಕಾಲುಗಳ ಕಡೆ ನೋಡಿದಳು.

“ಹಂಗಾದ್ರ ಒಂದು ವರ್ಷ ಅಲ್ಲೇ ಇರಲಿ ಬಿಡ್ರಿ.”