ಟೈಲರ್ ಆಂಟಿಯ ದನಿ

"ಇನ್ನೊಂದ್ಸಲ! ಇನ್ನೊಂದ್ಸಲ ಮಾಡೇ ಗಿಣಿ!"

ಇಡೀ ಕ್ಲಾಸೇ ಕೂಗುತ್ತಿತ್ತು. ಲಂಚ್ ಬ್ರೇಕು. ಮಿಸ್ ಸ್ಟಾಫ್ ರೂಮಿನಲ್ಲಿದ್ದರು. ಅರ್ಧ ತಿಂದ ಡಬ್ಬಿಗಳು ಡೆಸ್ಕುಗಳ ಮೇಲೆ ಹಾಗೇ ಬಾಯಿ ತೆರೆದುಕೊಂಡು ಕೂತಿದ್ದವು. ಗಿಣಿ ಮೊದಲನೇ ಬೆಂಚು ಹತ್ತಿ ನಿಂತಿದ್ದಳು.

ಅವಳಿಗೆ ಗಿಣಿ ಅಂತ ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಯಾರ ದನಿ ಕಿವಿಗೆ ಬಿದ್ದರೂ ಸರಿ, ಮರುಕ್ಷಣ ಅದು ಅವಳ ಬಾಯಿಂದ ಹೊರಗೆ ಬರುತ್ತಿತ್ತು. ಹೆಡ್ ಸರ್ ಕೆಮ್ಮು, ಗಣಿತದ ಮಿಸ್ ಸೀನು, ಬಸ್ ಕಂಡಕ್ಟರನ "ಒಳಗೆ ನಡೀರಿ, ಒಳಗೆ ನಡೀರಿ", ಎಲ್ಲ ಅವಳ ಹತ್ತಿರ ಇತ್ತು. ಆದರೆ ಇವತ್ತಿನದು ಹೊಸ ಐಟಮ್ಮು.

ಗಿಣಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಎರಡೂ ಕೈ ಮೇಲಕ್ಕೆತ್ತಿದಳು. ಗಂಟಲು ನಡುಗಿಸುತ್ತಾ ಶುರು ಮಾಡಿದಳು.

"ಕರ್ತನೇ! ಓ ನನ್ನ ಕರ್ತನೇ! ಆ ಹಸುಗೂಸನ್ನ ನೋಡಪ್ಪಾ! ಅಂಗೈಯಷ್ಟೂ ಇಲ್ಲ ತಂದೇ! ಅದರ ಉಸಿರು ಕಾಯಪ್ಪಾ! ಸ್ತೋತ್ರ! ಸ್ತೋತ್ರ!"

ಕೊನೆಗೆ ಮೂಗನ್ನು ಸೊರ್ರ್ ಅಂತ ಎಳೆದುಕೊಂಡಳು. ಅಷ್ಟೇ, ಹುಡುಗರೆಲ್ಲ ಬಿದ್ದು ಬಿದ್ದು ನಕ್ಕರು. ಒಬ್ಬನಿಗಂತೂ ಕುಡಿಯುತ್ತಿದ್ದ ನೀರು ಮೂಗಿಗೇ ಹತ್ತಿಬಿಟ್ಟಿತು.

ನಗದೆ ಇದ್ದವಳು ಒಬ್ಬಳೇ, ಗುಂಗುರಿ. ತಲೆ ತುಂಬ ಗುಂಗುರು ಕೂದಲಿನ, ಗಿಣಿಯ ಪಕ್ಕದಲ್ಲೇ ದಿನಾ ಕೂರುವ ಗೆಳತಿ. ಗಿಣಿ ಈಗ ಮಾಡಿ ತೋರಿಸಿದ್ದು ಅವಳ ಅಮ್ಮನನ್ನು. ಸ್ಕೂಲಿನ ಹಿಂದಿನ ಬೀದಿಯಲ್ಲಿ ಹೊಲಿಗೆ ಮಿಷನ್ ಹಾಕಿಕೊಂಡು ಬಟ್ಟೆ ಹೊಲಿಯುವ ಟೈಲರ್ ಆಂಟಿಯನ್ನು.

ಗುಂಗುರಿಯೂ ನಗುತ್ತಾಳೆ ಅಂತಲೇ ಗಿಣಿ ಅಂದುಕೊಂಡಿದ್ದಳು. ಬೇರೆ ಎಲ್ಲದಕ್ಕೂ ಎಲ್ಲರಿಗಿಂತ ಮೊದಲು ನಗುತ್ತಿದ್ದವಳು ಅವಳೇ ತಾನೆ? ಗುಂಗುರಿ ಡಬ್ಬಿಯ ಮುಚ್ಚಳ ಹಾಕಿದಳು. ಎದ್ದು ಬೆಂಚಿನ ಹತ್ತಿರ ಬಂದಳು.

"ಅದು ನಿನ್ನ ತಮ್ಮನಿಗೆ ಕಣೇ," ಅಂದಳು.

"ಏನು?"

"ಆ ಕೂಸು ಯಾರು ಅಂದ್ಕೊಂಡೆ? ನಿನ್ನ ತಮ್ಮ. ಅವನು ಹುಟ್ಟಿದಾಗಿಂದ ಅಮ್ಮ ಪ್ರತಿ ಭಾನುವಾರ ಪ್ರಾರ್ಥನೆ ಮುಗಿಯೋವರೆಗೆ ಏನೂ ತಿಂದಿಲ್ಲ, ಗೊತ್ತಾ?"

ಗಿಣಿಯ ಎತ್ತಿದ ಕೈಗಳು ಇನ್ನೂ ಮೇಲೇ ಇದ್ದವು. ಇಳಿಸಬೇಕು ಅಂತಲೂ ಅವಳಿಗೆ ತೋಚಲಿಲ್ಲ.

ಗಿಣಿಯ ತಮ್ಮ ತುಂಬ ಬೇಗ ಹುಟ್ಟಿಬಿಟ್ಟಿದ್ದ. ಆಸ್ಪತ್ರೆಯಲ್ಲಿ ಬೆಚ್ಚಗಿನ ಗಾಜಿನ ಪೆಟ್ಟಿಗೆಯೊಳಗೆ ಮಲಗಿಸಿದ್ದರು. ಅಮ್ಮನೂ ಅಲ್ಲೇ. ಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ, ಹಾಗಾಗಿ ಗಿಣಿ ಅವನನ್ನು ನೋಡಿದ್ದು ಅಪ್ಪನ ಫೋನಿನಲ್ಲಿ ಮಾತ್ರ.

ಗಿಣಿಯ ಮನೆಯವರೂ ಗುಂಗುರಿಯ ಮನೆಯವರೂ ಪ್ರಾರ್ಥನೆಗೆ ಹೋಗುವುದು ಒಂದೇ ಹಾಲ್‌ಗೆ. ಆದರೆ ಒಟ್ಟಿಗೆ ಅಲ್ಲ. ಬೆಳಿಗ್ಗೆ ಗಿಣಿಯವರ ಸಭೆ. ಅವರು ಸಾಲಾಗಿ ಬೆಂಚಿನ ಮೇಲೆ ಕೂತು, ಪಾಸ್ಟರ್ ಓದಿದ್ದಕ್ಕೆ ಮೆಲ್ಲಗೆ "ಆಮೆನ್" ಅನ್ನುವವರು. ಮಧ್ಯಾಹ್ನ ಗುಂಗುರಿಯವರ ಸಭೆ. ಅವರು ಬೆಂಚುಗಳನ್ನೆಲ್ಲ ಗೋಡೆಗೆ ತಳ್ಳಿ, ಚಾಪೆ ಹಾಸಿ, ಚಪ್ಪಾಳೆ ತಟ್ಟಿ, ಅತ್ತು, "ಸ್ತೋತ್ರ" ಅಂತ ಕೂಗಿ ದೇವರನ್ನು ಕೊಂಡಾಡಿ ಪ್ರಾರ್ಥನೆ ಮಾಡುವವರು. ಬೈಬಲ್ ಅದೇ. ಶಿಲುಬೆ ಅದೇ. ಫ್ಯಾನುಗಳೂ ಅವೇ. ಆದರೂ ಬೆಳಗಿನವರು ಹೊರಗೆ ಬರುವಾಗ ಮಧ್ಯಾಹ್ನದವರು ಗೇಟಿನಲ್ಲಿ ಎದುರಾದರೆ, ಎರಡೂ ಕಡೆಯವರು ತಮ್ಮ ತಮ್ಮ ಚಪ್ಪಲಿ ನೋಡಿಕೊಂಡು ನಡೆದುಬಿಡುತ್ತಿದ್ದರು.

ಹಿಂದಿನ ದಿನ, ಭಾನುವಾರ, ಹಾಲ್‌ನಲ್ಲಿ ಮರೆತು ಬಂದ ಕೊಡೆ ತರಲು ಗಿಣಿ ಮಧ್ಯಾಹ್ನ ವಾಪಸ್ಸು ಹೋಗಿದ್ದಳು. ಆಗಲೇ ಕಿಟಕಿಯಿಂದ ಟೈಲರ್ ಆಂಟಿಯ ದನಿ ಕೇಳಿಸಿದ್ದು. ಯಾವ ಕೂಸು, ಏನು ಕತೆ ಅಂತ ಯೋಚಿಸಲೇ ಇಲ್ಲ. ಮನೆಗೆ ಬಂದವಳೇ ಅಜ್ಜಿಯ ಮುಂದೆ ಮಾಡಿ ತೋರಿಸಿದಳು. ಅಜ್ಜಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅಲ್ಲಾ, ಇವರ ಪ್ರಕಾರ ದೇವರಿಗೇನು ಕಿವುಡಾ?" ಅಂದಳು. ಆಸ್ಪತ್ರೆಯಿಂದ ಸೋತು ಬಂದಿದ್ದ ಅಪ್ಪ ಕೂಡ ಸ್ವಲ್ಪ ನಕ್ಕಿದ್ದ. ಅಷ್ಟು ಸಾಕಾಯಿತು ಗಿಣಿಗೆ. ಸೋಮವಾರ ಬೆಂಚು ಹತ್ತಿದಳು.

ಮಂಗಳವಾರ ಗುಂಗುರಿ ಕೊನೆಯ ಬೆಂಚಿಗೆ ಹೋಗಿ ಕೂತಳು.

ಗಿಣಿಗೆ ಸಾರಿ ಕೇಳಬೇಕಿತ್ತು. ಬಾಯಿ ಬಿಟ್ಟರೆ ಮಾತೇ ಬರುತ್ತಿಲ್ಲ. ಊರಿನವರ ದನಿಯೆಲ್ಲ ಬರುವ ಬಾಯಿ ಅದು! ಕೊನೆಗೆ ಇಂಟರ್ವೆಲ್‌ನಲ್ಲಿ ನಲ್ಲಿಯ ಹತ್ತಿರ ಗುಂಗುರಿಯನ್ನು ಅಡ್ಡ ಹಾಕಿ, ಹೆಡ್ ಸರ್ ಥರ ಕೆಮ್ಮಿ, ಹೊಟ್ಟೆ ಮುಂದೆ ಮಾಡಿ ಅಂದಳು:

"ಮಕ್ಕಳೇ, ತಮಗೆಲ್ಲ ತಿಳಿಸುವುದೇನೆಂದರೆ, ಗಿಣಿ ಎಂಬ ವಿದ್ಯಾರ್ಥಿನಿ ಈ ಮೂಲಕ ಕ್ಷಮೆ ಕೋರುತ್ತಿದ್ದಾಳೆ!"

ಸುತ್ತ ಇದ್ದವರು ಕಿಸಕ್ಕನೆ ನಕ್ಕರು. ಗುಂಗುರಿ ಬಾಟಲಿಗೆ ನೀರು ತುಂಬಿಸುತ್ತಲೇ ಇದ್ದಳು.

"ನಿಂಗೆ ಎಲ್ಲಾನೂ ಆಟ," ಅಂದು ಹೊರಟುಹೋದಳು.

ಅದಕ್ಕಿಂತ ಕೆಟ್ಟದ್ದು ಬುಧವಾರ ಆಯಿತು. ಗುಂಗುರಿ ಕ್ಲಾಸಿನೊಳಗೆ ಕಾಲಿಟ್ಟದ್ದೇ ತಡ, ಹಿಂದಿನ ಸಾಲಿನ ಹುಡುಗರು ಕೈ ಮೇಲೆತ್ತಿ "ಸ್ತೋತ್ರ! ಸ್ತೋತ್ರ!" ಅಂತ ಶುರು ಹಚ್ಚಿಕೊಂಡರು. ಗುಂಗುರಿಯ ಕಿವಿ ಕೆಂಪಾಯಿತು.

"ಸುಮ್ನಿರ್ರೋ! ಸಾಕು!" ಗಿಣಿ ಕಿರುಚಿದಳು.

"ಆಹಾ! ಹೇಳಿಕೊಟ್ಟವಳೇ ನೀನು!" ಅಂದ ಒಬ್ಬ. "ನಿನ್ನಷ್ಟು ಚೆನ್ನಾಗಿ ಬರ್ತಿಲ್ಲ ಅಂತ ಹೊಟ್ಟೆಕಿಚ್ಚಾ?"

ಅವನು ಹೇಳಿದ್ದು ಸುಳ್ಳೇನಾಗಿತ್ತು? ಮಿಸ್‌ಗೆ ಹೇಳೋಣ ಅಂದರೆ ಮೊದಲು ತನ್ನ ಹೆಸರೇ ಬರುತ್ತದೆ. ಗಿಣಿ ಹೇಳದೆ ಕೂತಳು. ಕೂತದ್ದಕ್ಕೂ ನಾಚಿಕೆಯಾಯಿತು.

ಸಂಜೆ ಅಜ್ಜಿ ಮಂಚದ ಮೇಲೆ ಪುಟ್ಟ ಪುಟ್ಟ ಅಂಗಿ ಮಡಿಸಿಡುತ್ತಿದ್ದಳು. ಒಂದೊಂದೂ ಅಂಗೈಯಷ್ಟು. ಡಾಕ್ಟರು ಮಗುವನ್ನು ಇಷ್ಟರಲ್ಲೇ ಮನೆಗೆ ಕಳಿಸುತ್ತೇವೆ ಅಂದಿದ್ದರಂತೆ.

"ಯಾಕೇ, ಮುಖ ಹೀಗಿದೆ?" ಅಂದಳು ಅಜ್ಜಿ. "ನಮ್ಮ ಗಿಣಿ ಬಾಯಿಗೆ ಯಾರು ಬೀಗ ಹಾಕಿದ್ರು? ಎಲ್ಲಿ, ಆವತ್ತಿನದು ಇನ್ನೊಂದ್ಸಲ ಮಾಡು, ನಗೋಣ."

"ಅಜ್ಜಿ, ಆ ಆಂಟಿ ಪ್ರಾರ್ಥನೆ ಮಾಡ್ತಿದ್ದಿದ್ದು ನಮ್ಮ ಪಾಪೂಗಂತೆ."

ಅಜ್ಜಿಯ ಕೈ ನಿಂತಿತು.

"ಯಾರು ಹೇಳಿದ್ದು?"

"ಗುಂಗುರಿ. ಆಂಟಿ ಉಪವಾಸಾನೂ ಮಾಡ್ತಿದ್ರಂತೆ. ನಾನು ಕ್ಲಾಸಲ್ಲೂ ಮಾಡಿ ತೋರಿಸ್ಬಿಟ್ಟೆ ಅಜ್ಜಿ. ಎಲ್ಲರೂ ನಕ್ರು. ಈಗ ಹುಡುಗರು ಅವಳನ್ನ ರೇಗಿಸ್ತಾರೆ. ನಿಲ್ಲಿಸಿ ಅಂದ್ರೂ ನಿಲ್ಲಿಸ್ತಿಲ್ಲ."

ಹೇಳುತ್ತಾ ಹೇಳುತ್ತಾ ಗಿಣಿಗೆ ಅಳು ಒತ್ತಿಕೊಂಡು ಬಂತು. ಅಜ್ಜಿ ಬೈಯುತ್ತಾಳೆ ಅಂದುಕೊಂಡಿದ್ದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಜ್ಜಿ ಕೈಯಲ್ಲಿದ್ದ ಅಂಗಿಯನ್ನೇ ನೋಡುತ್ತಿದ್ದಳು.

"ಇಷ್ಟು ಚಿಕ್ಕ ಅಂಗಿ ಯಾವ ಅಂಗಡೀಲೂ ಸಿಗಲಿಲ್ಲ," ಅಂದಳು ನಿಧಾನವಾಗಿ. "ನಿಮ್ಮಪ್ಪ ಹೋಗಿ ಅವಳ ಹತ್ತಿರಾನೇ ಹೊಲಿಸ್ಕೊಂಡು ಬಂದ. ಆಗ ಹೇಳಿರ್ತಾನೆ, ಮಗು ಹೀಗಿದೆ ಅಂತ. ಇವನ್ನ ಮಡಿಸ್ತಾನೇ ಕೂತಿದ್ದೆ ಆವತ್ತೂ. ಮಡಿಸ್ತಾ ಮಡಿಸ್ತಾನೇ ನಕ್ಕೆನಲ್ಲ ಮಗಾ."

ಅಜ್ಜಿ ಆ ಅಂಗಿಯನ್ನು ಬಿಡಿಸಿ, ಮೊದಲಿನಿಂದ ಮತ್ತೆ ಮಡಿಸಿದಳು.

ಶನಿವಾರ ಪಾಪು ಮನೆಗೆ ಬಂದ. ಅಯ್ಯೋ, ಎಷ್ಟು ಪುಟ್ಟ ಮೂಗು! ಎಷ್ಟು ಗಂಭೀರವಾದ ಹಣೆ! ಆಕಳಿಸಿದರೆ ಇಡೀ ಮುಖವೇ ಬಾಯಾಗುತ್ತಿತ್ತು. ಗಿಣಿ ಕೈ ತೊಳೆದುಕೊಂಡು ಬಂದು ಅವನ ಕಾಲ ಬೆರಳು ಮುಟ್ಟಿದಳು. ಬೆಚ್ಚಗಿತ್ತು.

"ನಾಳೆ ಹೋಗಿ ಟೈಲರ್ ಆಂಟಿಗೆ ಹೇಳಿ ಬಾ ಪುಟ್ಟಾ," ಅಂದಳು ಅಮ್ಮ. "ಅಪ್ಪನ ಹತ್ರ ದಿನಾ ವಿಚಾರಿಸ್ತಿದ್ರು ಪಾಪ. ಎಷ್ಟು ಖುಷಿ ಪಡ್ತಾರೋ! ಅವರ ಸ್ತೋತ್ರ ಇಲ್ಲಿವರೆಗೂ ಕೇಳಿಸುತ್ತೆ ನೋಡು."

ಅಮ್ಮನಿಗೆ ಏನೂ ಗೊತ್ತಿರಲಿಲ್ಲ. ಗಿಣಿ ಹೂಂಗುಟ್ಟಿದಳು.

ಆಂಟಿ ಸಂತೋಷಪಟ್ಟರೆ ಹೇಗಿರುತ್ತದೆ ಅಂತ ಆ ಬೀದಿಗೆಲ್ಲ ಗೊತ್ತಿತ್ತು. ಗುಂಗುರಿಗೆ ಒಮ್ಮೆ ಜ್ವರ ಬಿಟ್ಟಾಗ ಅವರು ಕೂಗಿದ ಕೂಗಿಗೆ ಎದುರಿನ ಬೇಕರಿಯವರು ಏನೋ ಆಯ್ತು ಅಂತ ಹಿಟ್ಟಿನ ಕೈಯಲ್ಲೇ ಓಡಿ ಬಂದಿದ್ದರು. ಆ ಕೂಗು ಕೇಳಿದರೆ ಎಲ್ಲ ಸರಿಹೋಗುತ್ತದೆ ಅಂತ ಗಿಣಿಗೆ ಯಾಕೋ ಅನ್ನಿಸಿತು. ಅದೊಂದು ಆಸೆ ಇಟ್ಟುಕೊಂಡೇ ಮಲಗಿದಳು.

ಭಾನುವಾರ ತಮ್ಮ ಸಭೆ ಮುಗಿದ ಮೇಲೆ ಗಿಣಿಯೂ ಅಜ್ಜಿಯೂ ಮನೆಗೆ ಹೋಗಲಿಲ್ಲ. ಗೇಟಿನ ಹತ್ತಿರವೇ ನಿಂತರು. ಒಳಗೆ ಬೆಂಚು ತಳ್ಳುವ ಸದ್ದು, ಚಾಪೆ ಕೊಡಹುವ ಸದ್ದು. ಆಮೇಲೆ ಹಾಡು ಶುರುವಾಯಿತು.

"ಅರೆ, ಈ ಹಾಡು ನಮ್ಮದಲ್ವೇನೇ?" ಅಂದಳು ಅಜ್ಜಿ.

"ಅವರು ಸ್ವಲ್ಪ ಫಾಸ್ಟಾಗಿ ಹಾಡ್ತಾರೆ ಅಜ್ಜಿ."

ಹಾಡು ನಿಂತು ಪ್ರಾರ್ಥನೆ ಶುರುವಾಯಿತು. ಎಲ್ಲರ ದನಿಯೂ ಒಟ್ಟಿಗೆ. ಗಿಣಿ ಕಿವಿಗೊಟ್ಟು ಕೇಳಿದಳು. ಒಬ್ಬರ ದನಿ ಮಾತ್ರ ಅದರಲ್ಲಿ ಇರಲಿಲ್ಲ.

ಪ್ರಾರ್ಥನೆ ಒಂದು ಗಳಿಗೆ ನಿಂತಾಗ ಅಜ್ಜಿ ಗಿಣಿಯ ಕೈ ಹಿಡಿದು ಒಳಗೆ ನಡೆದಳು. ಇಷ್ಟು ವರ್ಷದಲ್ಲಿ ಅಜ್ಜಿ ಮಧ್ಯಾಹ್ನದ ಹೊತ್ತು ಆ ಹಾಲ್‌ಗೆ ಕಾಲಿಟ್ಟದ್ದು ಅದೇ ಮೊದಲು. ಮಂಡಿನೋವಿನ ಅಜ್ಜಿ "ಉಸ್ಸಪ್ಪಾ" ಅನ್ನುತ್ತಾ ಚಾಪೆಯ ಮೇಲೇ ಕೂತಳು.

ಟೈಲರ್ ಆಂಟಿ ಗೋಡೆಯ ಪಕ್ಕದಲ್ಲಿದ್ದರು. ಅವರಿಗೆ ಅಂಟಿಕೊಂಡು ಗುಂಗುರಿ. ಆಂಟಿ ಇವರನ್ನು ನೋಡಿ ಬೆರಗಾಗಿ ಹತ್ತಿರ ಜರುಗಿದರು.

"ಪಾಪು ಮನೆಗೆ ಬಂದ ಆಂಟಿ," ಅಂದಳು ಗಿಣಿ. "ನಿನ್ನೆ."

ಆಂಟಿಯ ಮುಖ ಅರಳಿತು. ಕಣ್ಣು ತುಂಬಿತು. ಎರಡೂ ಕೈ ಮೇಲಕ್ಕೆದ್ದವು, ಬಾಯಿ ತೆರೆಯಿತು. ಬಂತು, ಈಗ ಬಂತು ಅಂತ ಗಿಣಿ ಉಸಿರು ಬಿಗಿಹಿಡಿದಳು.

ಅಷ್ಟರಲ್ಲಿ ಆಂಟಿ ಮಗಳ ಕಡೆ ನೋಡಿದರು. ಗುಂಗುರಿ ತಲೆ ತಗ್ಗಿಸಿ, ಅಮ್ಮನ ಸೆರಗಿನ ತುದಿ ಬಿಗಿಯಾಗಿ ಹಿಡಿದುಕೊಂಡಿದ್ದಳು. ಎದ್ದ ಕೈಗಳು ಅರ್ಧಕ್ಕೇ ನಿಂತವು. ಮೆಲ್ಲಗೆ ಇಳಿದವು. ಆಂಟಿ ಕೈ ಜೋಡಿಸಿ ಎದೆಗೆ ಒತ್ತಿಕೊಂಡರು. ತುಟಿ ಮಾತ್ರ ಅಲುಗಿತು.

"ಯಾಕಮ್ಮಾ, ಇವತ್ತು ದನಿಯೇ ಇಲ್ಲ?" ಅಂದಳು ಅಜ್ಜಿ.

"ಗಂಟಲು ಯಾಕೋ ಸರಿಯಿಲ್ಲ ಅಜ್ಜಿ," ಅಂದರು ಆಂಟಿ, ಪಿಸುಮಾತಿನಲ್ಲಿ, ನಗುತ್ತಾ.

ಗಿಣಿಗೆ ತಡೆಯಲಾಗಲಿಲ್ಲ.

"ಗಂಟಲಲ್ಲ ಅಜ್ಜಿ. ನಾನು." ಹೊರಟ ದನಿ ಸಣ್ಣಗಿತ್ತು, ಒರಟಾಗಿತ್ತು. ಅದು ಹೆಡ್ ಸರ್‌ದಲ್ಲ, ಕಂಡಕ್ಟರನದಲ್ಲ, ಬೇರೆ ಯಾರದ್ದೂ ಅಲ್ಲ. "ಆಂಟಿ, ನಾನೇ ನಿಮ್ಮ ಥರ ಮಾಡಿ ತೋರಿಸಿದ್ದು. ಅದಕ್ಕೇ ಎಲ್ಲರೂ ನಕ್ಕಿದ್ದು. ಜೋರಾಗೇ ಮಾಡಿ ಆಂಟಿ. ಪ್ಲೀಸ್."

ಆಂಟಿ ಗಿಣಿಯ ತಲೆ ಸವರಿದರು. ಸೂಜಿ ಚುಚ್ಚಿ ಚುಚ್ಚಿ ಬಿರುಸಾಗಿದ್ದ ಬೆರಳು.

"ಆಯ್ತು ಮಗಳೇ," ಅಂದರು. ಅದನ್ನೂ ಪಿಸುಮಾತಿನಲ್ಲೇ ಅಂದರು.

ಗುಂಗುರಿ ಮೊದಲ ಸಲ ತಲೆಯೆತ್ತಿ ಗಿಣಿಯನ್ನು ನೋಡಿದಳು. ನಗಲಿಲ್ಲ. ಮುಖವನ್ನೂ ತಿರುಗಿಸಲಿಲ್ಲ.

ಸುತ್ತ ಎಲ್ಲರೂ ಮತ್ತೆ ಪ್ರಾರ್ಥನೆಗೆ ತೊಡಗಿದರು. ಆಂಟಿ ಕಣ್ಣು ಮುಚ್ಚಿದರು. ಬೀದಿಗೆಲ್ಲ ಕೇಳಿಸಬೇಕಾಗಿದ್ದ ಸ್ತೋತ್ರ ಪಕ್ಕದಲ್ಲಿದ್ದವರಿಗೂ ಕೇಳಿಸಲಿಲ್ಲ. ಗಿಣಿ ಚಾಪೆಯ ಮೇಲೆ ಮೊಣಕಾಲೂರಿ, ಆಂಟಿಯ ಬಾಯಿಗೆ ಆದಷ್ಟು ಹತ್ತಿರ ಕಿವಿ ತಂದಳು. "ಕೂಸು" ಅನ್ನುವ ಒಂದೇ ಮಾತು ಕೇಳಿಸಿತು. ಉಳಿದದ್ದು ಬರೀ ಉಸಿರು. ಅವಳು ಅಲ್ಲೇ ಕೂತು ಕೇಳುತ್ತಲೇ ಇದ್ದಳು.